ಬೀದರಿನಿಂದ ಬಂದ ಗಂಡ

ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಸುಮಾಳ ಲೈಬ್ರರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೈಬ್ರರಿ ಎಂದರೆ ಕುವೆಂಪುನಗರದ ಒಂದು ಮನೆಯ ಕಾರ್ ಶೆಡ್ಡು; ಆ ಮನೆಯವರಿಗೆ ಕಾರಿರಲಿಲ್ಲ, ಸುಮಾಳಿಗೆ ಬೇರೆ ಜಾಗವಿರಲಿಲ್ಲ. ನಾಲ್ಕು ಜನ ಒಳಗೆ ನಿಂತರೆ ಐದನೆಯವರು ಉಸಿರು ಬಿಡಲು ರಸ್ತೆಗೆ ಹೋಗಬೇಕು. ಅಂಥಲ್ಲಿ ಆ ಸೋಮವಾರ ಏಳು ಹೆಂಗಸರು ನೆರೆದಿದ್ದರು. ಏಳೂ ಜನ ಶನಿವಾರವಷ್ಟೇ ಪುಸ್ತಕ ಬದಲಾಯಿಸಿಕೊಂಡು ಹೋದವರು. ಒಂದೇ ಭಾನುವಾರದಲ್ಲಿ ಮುನ್ನೂರು ಪುಟ ಓದಿ ಮುಗಿಸಿದೆವೆಂದು ಏಳೂ ಜನ ಕಣ್ಣು ಮಿಟುಕಿಸದೆ ಹೇಳುತ್ತಿದ್ದರು.

"ಇದ್ರಲ್ಲಿ ಸೇರ್ತಾರೇನಮ್ಮ?" ಸಿದ್ದಲಿಂಗಮ್ಮ ಒಂದು ಕಾದಂಬರಿ ಎತ್ತಿ ಹಿಡಿದು ಕೇಳಿದರು. ಅವರ ಕಣ್ಣು ಪುಸ್ತಕದ ಮೇಲಿರಲಿಲ್ಲ, ಗೇಟಿನ ಮೇಲಿತ್ತು.

"ಸೇರ್ತಾರೆ ಅಮ್ಮಾ. ನೂರಾ ತೊಂಬತ್ತನೇ ಪುಟ."

"ಅಲ್ಲೀವರ್ಗೂ ಏನ್ಮಾಡ್ತಾರೆ?"

"ಅಲ್ಲೀವರ್ಗೂ ಕಾಯ್ತಾರೆ," ಎಂದಳು ಸುಮಾ, ಗೋಂದು ಹಚ್ಚುತ್ತ.

ಅಗಲಿದವರು ಮತ್ತೆ ಸೇರುವ ಕಾದಂಬರಿಗಳೆಲ್ಲ ಎಡಗಡೆಯ ಶೆಲ್ಫಿನಲ್ಲಿದ್ದವು. ಬಲಗಡೆಯ ಪತ್ತೇದಾರಿ ಪುಸ್ತಕಗಳನ್ನು ಗೆದ್ದಲು ಎರಡು ಸಲ ಓದಿ ಮುಗಿಸಿತ್ತು. ಎಡಗಡೆ ಧೂಳಿಗೆ ಕೂರಲೂ ಪುರಸೊತ್ತಿರಲಿಲ್ಲ. ಓದಿದ್ದರ ಗುರುತಿಗೆ ಇಪ್ಪತ್ತೇಳನೇ ಪುಟದ ಅಂಚಿನಲ್ಲಿ ಒಬ್ಬೊಬ್ಬರು ಒಂದೊಂದು ಚಿಹ್ನೆ ಹಾಕುವುದು ಅಲ್ಲಿಯ ರೂಢಿ. ಸಿದ್ದಲಿಂಗಮ್ಮನವರದು ಮೂರು ಗೆರೆ, ಬ್ಲೌಸ್ ಹೊಲಿಯುವ ಮುದ್ದಮ್ಮನದು ಕತ್ತರಿ. ಓದಿದ್ದನ್ನೇ ಮರಳಿ ಒಯ್ಯದಿರಲಿ ಎಂದು ಹುಟ್ಟಿದ ಈ ರೂಢಿಗೆ ಎಡಗಡೆ ಕಿಮ್ಮತ್ತಿರಲಿಲ್ಲ. ಒಂದೇ ಪುಸ್ತಕದಲ್ಲಿ ಒಂಬತ್ತು ಕತ್ತರಿಗಳಿದ್ದವು. ಯಾವುದನ್ನಾದರೂ ಅಂಗೈ ಮೇಲಿಟ್ಟು ಕೈಬಿಟ್ಟರೆ, ಅವರಿಬ್ಬರೂ ವರ್ಷಗಳ ಮೇಲೆ ಎದುರಾಗುವ ಪುಟಕ್ಕೇ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಆ ಪುಟದಲ್ಲಿ ಒಗ್ಗರಣೆ ಎಣ್ಣೆ, ಅರಿಶಿನ, ಕಣ್ಣೀರು ಎಲ್ಲದರ ಕಲೆಯೂ ಇರುತ್ತಿತ್ತು. ಕುವೆಂಪುನಗರದ ಹೆಂಗಸರು ಆ ಪುಟಗಳ ಮೇಲೆ ಸುರಿಸಿದ್ದನ್ನು ಒಂದು ಕಡೆ ನಿಲ್ಲಿಸಿದ್ದರೆ ಕುಕ್ಕರಹಳ್ಳಿ ಕೆರೆ ಕೋಡಿ ಬಿದ್ದು ಬೋಗಾದಿ ರಸ್ತೆಯಲ್ಲಿ ದೋಣಿ ಬಿಡಬೇಕಾಗುತ್ತಿತ್ತು.

ಅಷ್ಟನ್ನೂ ಹಂಚಿದ ಸುಮಾ ಮಾತ್ರ ಓದುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅವಳಿಗೆ ಸುಸ್ತು. ಅಂತಿಂಥ ಸುಸ್ತಲ್ಲ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹನ್ನೆರಡು ವರ್ಷ ದಿನಾ ಹತ್ತಿ, ದಿನಾ ಗುಡಿ ಬಾಗಿಲು ಹಾಕಿದ್ದನ್ನೇ ಕಂಡು ಇಳಿದವಳ ಸುಸ್ತು. ಬೆಳಗ್ಗೆ ಐದಕ್ಕೆದ್ದು ಬೀದಿಯ ನಲ್ಲಿಯಿಂದ ಮಹಡಿ ಮೇಲಿನ ಒಂಟಿ ಕೋಣೆಗೆ ಎಂಟು ಕೊಡ ನೀರು ಹೊರಬೇಕು. ಮೂವತ್ತಾರಕ್ಕೇ ಮಂಡಿ ಹಿಡಿದುಕೊಂಡಿತ್ತು. ಟೀವಿ ಧಾರಾವಾಹಿಗಳು ಅರ್ಧ ಗಿರಾಕಿಗಳನ್ನು ನುಂಗಿದ್ದವು. ಉಳಿದರ್ಧವನ್ನು ಹಿಡಿದಿಟ್ಟದ್ದು ಪುಸ್ತಕಗಳಲ್ಲ, ಅವಳ ಸ್ವಂತ ಕಥೆ.

ಆ ಕಥೆ ಹುಟ್ಟಿ ಆರು ವರ್ಷವಾಗಿತ್ತು. "ಅಲ್ಲ ಕಣವ್ವ, ನಿನ್ ಗಂಡ ಯಾಕ್ ಬುಟ್ಬುಟ್ಟ?" ಎಂದು ಮುದ್ದಮ್ಮ ಒಂದು ಮಧ್ಯಾಹ್ನ ನೇರವಾಗಿ ಕೇಳಿದಾಗ ಸುಮಾ ಯಾವುದೋ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದಳು. ಕೈಯಲ್ಲಿದ್ದ ಕಾದಂಬರಿಯ ಕಥೆಯೇ ಬಾಯಿಗೆ ಬಂತು. ಬಿಟ್ಟಿಲ್ಲ, ತಪ್ಪು ತಿಳಿದುಕೊಂಡಿದ್ದಾರೆ. ನಾನು ಬರೆದ ಕಾಗದ ಅವರಿಗೆ ಸಿಗಲೇ ಇಲ್ಲ. ನಾದಿನಿ ಅದನ್ನು ಬಚ್ಚಲ ಒಲೆಗೆ ಹಾಕಿದಳು. ಮರುದಿನ ಅದಕ್ಕೆ ಬಾಲ ಬಂತು, ಅದರ ಮರುದಿನ ರೆಕ್ಕೆ. ಗಂಡನನ್ನು ಬೀದರಿಗೆ ವರ್ಗ ಮಾಡಿದಳು, ಏಕೆಂದರೆ ಹತ್ತಿರದ ಊರಿನಲ್ಲಿದ್ದವನು ಹೆಂಡತಿಯನ್ನು ಹುಡುಕಿಕೊಂಡು ಬರಲಿಲ್ಲವೆಂದರೆ ಸಿದ್ದಲಿಂಗಮ್ಮನವರು ನಂಬುವವರಲ್ಲ. ಆರು ವರ್ಷ ಏಳು ಹೆಂಗಸರು ಹಾಕಿದ ಶಾಪಕ್ಕೆ ಆ ನಾದಿನಿ ನೂರು ಸಲ ಬೂದಿಯಾಗಬೇಕಿತ್ತು. ಅವಳು ಬದುಕಿಕೊಂಡದ್ದು ಹುಟ್ಟೇ ಇರಲಿಲ್ಲವಾದ್ದರಿಂದ. ಪ್ರೇಮ್‌ಕುಮಾರನಿಗೆ ಒಡಹುಟ್ಟಿದವರೇ ಇರಲಿಲ್ಲ.

ನಿಜ ಚಿಕ್ಕದು. ಪ್ರೇಮ್‌ಕುಮಾರ್ ಗುಂಡ್ಲುಪೇಟೆಯಲ್ಲಿ ಮೇಷ್ಟ್ರು. ಬಸ್ಸಿಗೆ ಎರಡು ಗಂಟೆ ದಾರಿ. ಹನ್ನೆರಡು ವರ್ಷದ ಹಿಂದೆ ಸುಮಾ ಹೆರಿಗೆಗೆಂದು ಇದೇ ಊರಿನ ಅಶೋಕಪುರದ ತವರಿಗೆ ಬಂದಿದ್ದಳು. ಹೆಣ್ಣು ಮಗು. ಒಂಬತ್ತು ದಿನ ಇತ್ತು. ಓಡಿ ಹೋಗಿ ಹೇಳಲು ಮನೆಯಲ್ಲಿ ಗಂಡಸರಿರಲಿಲ್ಲ, "ಮಗು ಹೋಯಿತು, ಬನ್ನಿ" ಎಂದು ಇನ್‌ಲ್ಯಾಂಡ್ ಕಾಗದದಲ್ಲಿ ಬರೆದಳು. ಎರಡು ವಾರದ ಮೇಲೆ ಉತ್ತರ ಬಂತು: ನಿನ್ನ ಕಾಗದ ತಲುಪಿತು, ಧೈರ್ಯವಾಗಿರು, ಪರೀಕ್ಷೆ ಪೇಪರು ತಿದ್ದುವ ಕೆಲಸವಿದೆ. ಅವನು ಬರಲಿಲ್ಲ. ಅವಳು ಹೋಗಲಿಲ್ಲ. ಕಾದಂಬರಿಗಳಲ್ಲಿ ಗಂಡ ಹೆಂಡಿರು ಬೇರೆಯಾಗುವುದು ಒಂದು ತಪ್ಪು ತಿಳಿವಳಿಕೆಯಿಂದ. ಅದು ಬಗೆಹರಿದ ಗಳಿಗೆಯಲ್ಲಿ ಇಬ್ಬರೂ ನಿರಪರಾಧಿಗಳು. ಸುಮಾಳ ಸಂಸಾರದಲ್ಲಿ ಬಗೆಹರಿಯಲು ಏನೂ ಇರಲಿಲ್ಲ. ಎಲ್ಲರಿಗೂ ಎಲ್ಲ ಸರಿಯಾಗಿಯೇ ತಿಳಿದಿತ್ತು. ಹೆಂಗಸರಿಗೆ ಹೇಳಿದ ಕಥೆಗೆ ಅವಳು ಒಂದಕ್ಕೆ ಹತ್ತು ಸೇರಿಸಿದ್ದಳು, ಮಗುವನ್ನು ಮಾತ್ರ ಸೇರಿಸಿರಲಿಲ್ಲ.

ಶುಕ್ರವಾರ ಪೋಸ್ಟ್‌ಮ್ಯಾನ್ ಎಸೆದುಹೋದ ಕಾರ್ಡು ಸಿದ್ದಲಿಂಗಮ್ಮನವರ ಕಾಲಬುಡದಲ್ಲೇ ಬಿದ್ದಿತ್ತು. ಮೊಹರು ಮಸಿಯ ಮುದ್ದೆಯಾಗಿತ್ತು, ಊರು ಯಾವುದೆಂದು ದೇವರಿಗೂ ಓದಲಾಗುತ್ತಿರಲಿಲ್ಲ. ಒಕ್ಕಣೆ ಮಾತ್ರ ಮೇಷ್ಟ್ರ ಗುಂಡು ಅಕ್ಷರ: ಸೋಮವಾರ ಸಂಜೆ ನಾಲ್ಕಕ್ಕೆ ಬರುತ್ತೇನೆ, ಮಾತಾಡಬೇಕು, ಪ್ರೇಮ್‌ಕುಮಾರ್. ಸುಮಾ ಓದುವ ಮೊದಲೇ ಮೂರು ಬೀದಿಯವರು ಓದಿ ಮುಗಿಸಿದ್ದರು.

ಅವನು ಬಂದಾಗ ನಾಲ್ಕೂಕಾಲು. ಕೈಯಲ್ಲಿ ರೆಗ್ಜಿನ್ ಚೀಲ, ತಲೆಯಲ್ಲಿ ಅರ್ಧ ಕೂದಲು. ಏಳು ಹೆಂಗಸರು ಒಟ್ಟಿಗೆ ತಿರುಗಿ ನೋಡಿದ ರಭಸಕ್ಕೆ ಬಾಗಿಲಲ್ಲೇ ನಿಂತುಬಿಟ್ಟ.

"ಬನ್ನಿ ಬನ್ನಿ," ಸಿದ್ದಲಿಂಗಮ್ಮ ಮನೆಯ ಯಜಮಾನಿಯಂತೆ ಕರೆದರು. "ಪಾಪ, ಎಷ್ಟ್ ಹೊತ್ತಾಯ್ತೋ ದಾರಿ."

"ಎರಡು ಗಂಟೆ ಅಷ್ಟೇ."

"ಬೀದರಿಂದ ಎರಡೇ ಗಂಟೆಗಾ!" ಎಂದಳು ಮುದ್ದಮ್ಮ.

ಪ್ರೇಮ್‌ಕುಮಾರ್ ಸುಮಾಳ ಕಡೆ ನೋಡಿದ. ಸುಮಾ ಗೋಂದಿನ ಬಾಟಲಿಯಲ್ಲಿ ಏನೋ ಹುಡುಕುತ್ತಿದ್ದಳು. ಇಪ್ಪತ್ತು ವರ್ಷ ಇನ್ಸ್‌ಪೆಕ್ಟರುಗಳಿಗೆ ಉತ್ತರ ಹೇಳಿ ಪಳಗಿದ ಮೇಷ್ಟ್ರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಬಸ್ಸು ಎರಡು ಗಂಟೆ ತಡ ಆಯ್ತು ಅಂದೆ ಕಣಮ್ಮ. ಹೊರಟಿದ್ದು ನಿನ್ನೆ."

ಏಳು ಎದೆಗಳು ಒಟ್ಟಿಗೆ ನಿಟ್ಟುಸಿರು ಬಿಟ್ಟವು. ಮುದ್ದಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಸುಮವ್ವ ನಮ್ಗೆಲ್ಲಾನೂವೆ ಹೇಳವ್ಳೆ ಕಣಪ್ಪ. ಅಲ್ಲಾ, ಅಂಥಾ ಕಾಗ್ದಾನ ನಿನ್ ತಂಗಿ ಒಲೆಗಾಕ್ಬುಟ್ಳಲ್ಲ, ಅವ್ಳಿಗ್ ಕೈಯಾದ್ರೂ ಎಂಗ್ ಬಂತು? ನಿಂಗೆ ಸಿಗ್ನೇ ಇಲ್ವಂತಲ್ಲ?"

ಅವನು ಒಂದು ಮಾತು ನಿಜ ಹೇಳಿದರೆ ಆರು ವರ್ಷ ಕಟ್ಟಿದ್ದು ಆ ಸಿಮೆಂಟು ನೆಲದ ಮೇಲೆ ಚೂರಾಗಿ, ನಾಳೆಯಿಂದ ಇವರಲ್ಲಿ ಒಬ್ಬರೂ ಈ ಕಡೆ ಸುಳಿಯುವುದಿಲ್ಲ ಎಂದು ಸುಮಾಳಿಗೆ ಗೊತ್ತಿತ್ತು. ಆದರೂ ಅವಳ ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದುದು ಆ ಒಂದು ಮಾತಿಗೇ. ಸಿಕ್ಕಿತ್ತು. ಬೇರೇನೂ ಬೇಡ, ಕಾಗದ ಸಿಕ್ಕಿತ್ತು ಎಂದರೆ ಸಾಕು.

"ಹೌದಮ್ಮ," ಎಂದ ಪ್ರೇಮ್‌ಕುಮಾರ್. "ಸಿಗಲೇ ಇಲ್ಲ. ಸಿಕ್ಕಿದ್ರೆ ಅವತ್ತೇ ಹೊರಟು ಬರ್ತಿದ್ದೆ."

ಸಿದ್ದಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಮ್ ತಂಗಿ?"

"ಆಮೇಲೆ ಬಹಳ ನೊಂದ್ಕೊಂಡ್ಳು. ಈಗ ಧಾರವಾಡದಲ್ಲಿ ಇದಾಳೆ. ಇಬ್ರು ಮಕ್ಳು."

ಇಲ್ಲದವಳಿಗೆ ಒಂದೇ ಉಸಿರಿನಲ್ಲಿ ಮದುವೆ, ಬಾಣಂತನ ಎರಡನ್ನೂ ಮುಗಿಸಿದ್ದ. ಸೊಗಸಾಗಿ ಹೇಳುತ್ತಾನೆ, ನನಗಿಂತ ಚೆನ್ನಾಗಿ ಹೇಳುತ್ತಾನೆ ಎಂದುಕೊಂಡಳು ಸುಮಾ. ಸ್ಟೂಲು ಎಳೆದುಕೊಂಡು ಕೂತಳು.

"ನಡೀರೇ, ನಡೀರಿ. ಅವರಿಬ್ರೂ ಮಾತಾಡ್ಕೊಳ್ಳಿ," ಎಂದು ಸಿದ್ದಲಿಂಗಮ್ಮ ಎಲ್ಲರನ್ನೂ ಕೋಳಿ ಅಟ್ಟಿದಂತೆ ಅಟ್ಟಿಕೊಂಡು ಹೋದರು. ಬಹಳ ದೂರ ಹೋಗಲಿಲ್ಲ. ರಸ್ತೆಯ ಆಚೆ ಬೆಟ್ಟಯ್ಯನ ಸೊಪ್ಪಿನ ಗಾಡಿಯ ಸುತ್ತ ನಿಂತರು. ದಂಟು, ಕೀರೆ, ಮೆಂತ್ಯ ಯಾವುದರ ಮೇಲೂ ಅಷ್ಟು ದೀರ್ಘವಾದ ಚರ್ಚೆ ಮೈಸೂರಿನಲ್ಲಿ ಹಿಂದೆ ನಡೆದಿರಲಿಲ್ಲ.

ಪ್ರೇಮ್‌ಕುಮಾರ್ ಚೀಲವನ್ನು ಮೇಜಿನ ಮೇಲಿಟ್ಟ. "ನಂಗೆ ಇಲ್ಲಿಗೇ ವರ್ಗ ಆಯ್ತು. ಬೋಗಾದೀಲಿ ಮನೆ ನೋಡಿದೀನಿ. ಎರಡು ರೂಮು, ಅಡುಗೆಮನೆ. ನಲ್ಲಿ ಒಳಗೇ ಅದೆ." ಸ್ವಲ್ಪ ತಡೆದು, "ಒಬ್ಬನಿಗೆ ದೊಡ್ಡದಾಯ್ತದೆ" ಎಂದ.

ಎಡಗಡೆಯ ಶೆಲ್ಫಿನ ಸಾವಿರಾರು ಪುಟಗಳಲ್ಲಿ ಗಂಡಸರು ಆಡಿದ ಮಾತುಗಳನ್ನೆಲ್ಲ ತಂದು ಸುರಿದಿದ್ದರೂ ನಲ್ಲಿ ಒಳಗೇ ಇದೆ ಎಂಬ ಮಾತಿನ ತೂಕಕ್ಕೆ ಬರುತ್ತಿರಲಿಲ್ಲ. ಸುಮಾಳ ಮಂಡಿ ಅದನ್ನು ಅವಳಿಗಿಂತ ಮೊದಲು ಕೇಳಿಸಿಕೊಂಡಿತು. ಹೂಂ ಎಂದರೆ ಸಾಕು. ನಾಳೆಯಿಂದ ಎಂಟು ಕೊಡ ಇಲ್ಲ, ಮೆಟ್ಟಿಲಿಲ್ಲ, ಸಂಜೆಗೆ ಮಾತಾಡಲು ಒಬ್ಬ ಮನುಷ್ಯ.

"ಕಾಗ್ದ ಸಿಕ್ಕಿತ್ತಲ್ಲ ನಿಮ್ಗೆ?" ಎಂದಳು.

"ಅವರ್ ಮುಂದೆ ಇನ್ನೇನ್ ಹೇಳ್ಲಿ ಸುಮಾ? ನೀನೇ ಕಟ್ಟಿದ್ದ ಕಥೆ. ಚೆನ್ನಾಗೇ ಅದೆ. ಅಂಗೇ ಇಟ್ಕಳಣ."

"ಅವರ್ ಮುಂದೆ ಅಂಗೇ ಇರ್ಲಿ. ನಮ್ಮಿಬ್ರ ಮಧ್ಯೆ?"

ಅವನು ಶೆಲ್ಫಿನ ಕಡೆ ನೋಡುತ್ತ ನಿಂತ. ದಣಿದಿದ್ದ, ಅವಳಷ್ಟೇ ದಣಿದಿದ್ದ. "ನಮ್ಮಿಬ್ರ ಮಧ್ಯೆನೂ ಅಂಗೇ ಅಂದ್ಕಳಣ. ಕೆದಕುದ್ರೆ ಯಾರಿಗೇನ್ ಬಂತು? ಸಿಗ್ಲಿಲ್ಲ ಅಂತ್ಲೇ ಇಟ್ಕೊಂಡ್ರೆ ಇಬ್ರಿಗೂ ಸಲೀಸು."

ಅದೂ ನಿಜವೇ. ಇಷ್ಟು ಸಲೀಸಾದ ಮಾತನ್ನು ಹನ್ನೆರಡು ವರ್ಷದಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಸುಮಾ ಮೇಜಿನ ಮೇಲೆ ಹರಡಿದ್ದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿದಳು, ಅಂಚು ಸರಿ ಮಾಡಿದಳು, ಮತ್ತೆ ಕೆಡವಿ ಮತ್ತೆ ಜೋಡಿಸಿದಳು.

"ಕಾಗ್ದ ಸಿಗ್ದೇ ಇರೋ ಗಂಡ ಬೀದರಲ್ಲವ್ರೆ," ಎಂದಳು ಕೊನೆಗೆ. "ಆರು ವರ್ಷದಿಂದ ಅವರ ಜೊತೆ ಚೆನ್ನಾಗೇ ನಡೀತಾ ಅದೆ. ನೀವು ಗುಂಡ್ಲುಪೇಟೆಯವರು. ಹೋಗ್ಬನ್ನಿ."

ಅವನು ಚೀಲ ಎತ್ತಿಕೊಂಡು ಗೇಟಿನವರೆಗೆ ಹೋದ. ಗಾಡಿಯ ಬಳಿ ಸೊಪ್ಪಿನ ಮಾತು ನಿಂತಿತು. ಚಿಲಕದ ಮೇಲೆ ಕೈಯಿಟ್ಟು, ಚಿಲಕ ತೆಗೆಯುವುದನ್ನು ಹೇಳಿಕೊಟ್ಟವರೇ ಇಲ್ಲವೇನೋ ಎಂಬಂತೆ ಅಷ್ಟು ಹೊತ್ತು ನಿಂತಿದ್ದ. ಆಮೇಲೆ ತಿರುಗಿ ಬಂದ. ಒಳಗೆ ಬರಲಿಲ್ಲ, ಹೊಸಿಲ ಬಳಿಯೇ ನಿಂತ.

"ಗುರುವಾರ ಸಿಕ್ತು," ಎಂದ. "ಮಧ್ಯಾಹ್ನ. ಪೋಸ್ಟ್‌ಮ್ಯಾನು ಸ್ಕೂಲಿಗೇ ತಂದ್ಕೊಟ್ಟ. ಎರಡು ಸಲ ಓದ್ದೆ. ಓದ್ಬುಟ್ಟು ರೂಮಿಗೋಗಿ ಊಟ ಮಾಡ್ದೆ."

ಸುಮಾ ತಲೆಯೆತ್ತಿದಳು. "ಏನ್ ಸಾರು?"

"ಹುರುಳಿಕಾಳು."

"ಸೇರ್ತಾ?"

"ಸೇರ್ತು." ಅವನ ದನಿ ಒಡೆದಿರಲಿಲ್ಲ, ಹಾಜರಿ ಕೂಗುವವನ ಹಾಗೆ ಒಂದೇ ಸಮನಾಗಿತ್ತು. "ಆಮೇಲೆ ಬಸ್ ಸ್ಟ್ಯಾಂಡಿಗೆ ಹೋದೆ. ಮೂರೂವರೆ ಬಸ್ಸು ಬಂತು. ಹತ್ತಲಿಲ್ಲ. ಐದು ಗಂಟೇದೂ ಬಂತು."

"ಯಾಕೆ?"

"ಗೊತ್ತಿಲ್ಲ ಸುಮಾ. ಹನ್ನೆರಡು ವರ್ಷ ಯೋಚ್ನೆ ಮಾಡಿದೀನಿ. ಗೊತ್ತಿಲ್ಲ."

ರಸ್ತೆಯಲ್ಲಿ ಒಂದು ಸ್ಕೂಟರು ಹೋಯಿತು. ಪ್ರೇಮ್‌ಕುಮಾರ್ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ.

"ಮಗೂಗೆ ಹೆಸರಿಟ್ಟಿದ್ರಾ?" ಎಂದ.

ಒಂದು ಉಸಿರಿಗೆ ಮೂರು ಸುಳ್ಳು ಹೆಣೆಯಬಲ್ಲ ಸುಮಾ ಗೋಂದಿನ ಬಾಟಲಿಗೆ ಮುಚ್ಚಳ ಹಾಕಿದಳು. ಹೆರಿಗೆ ಮಾಡಿಸಿದ ಸೂಲಗಿತ್ತಿಯಾಗಲಿ, ಹೆತ್ತ ತಾಯಿಯಾಗಲಿ, ಯಾರೂ ಅವಳನ್ನು ಈವರೆಗೆ ಅದನ್ನು ಕೇಳಿರಲಿಲ್ಲ.

"ಇಲ್ಲ," ಎಂದಳು. "ನೀವ್ ಬರ್ಲಿ ಅಂತ ಕಾಯ್ತಿದ್ವಿ."

ಅವನು ಹೊಸಿಲಿನ ಮೇಲೆ ಕೂತುಬಿಟ್ಟ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಗೆ ಬೆನ್ನು ಮಾಡಿ. ಸುಮಾ ಹೋಗಿ ಎಂದೂ ಹೇಳಲಿಲ್ಲ, ಒಳಗೆ ಬನ್ನಿ ಎಂದೂ ಹೇಳಲಿಲ್ಲ. ಅಲ್ಲಿಂದ ಅವಳಿಗೆ ಅವನ ನೆತ್ತಿ ಕಾಣುತ್ತಿತ್ತು. ಅದರ ಮೇಲೆ ಬಸ್ಸಿನ ಧೂಳು ಕೂತಿತ್ತು.

ಆಚೆ ಬದಿಯಲ್ಲಿ ಸಿದ್ದಲಿಂಗಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊತ್ತಂಬರಿ ಕಟ್ಟನ್ನು ಎದೆಗವಚಿಕೊಂಡ ಮುದ್ದಮ್ಮ, "ನೋಡುದ್ರಾ, ನೋಡುದ್ರಾ" ಎಂದು ಪಕ್ಕದವರ ತೋಳು ಹಿಂಡಿದಳು. ಯಾರೂ ಏನೂ ಕೊಳ್ಳುವಂತೆ ಕಾಣದ್ದರಿಂದ ಬೆಟ್ಟಯ್ಯ ತಗಡಿನ ಡಬ್ಬಿಯಲ್ಲಿ ಕೈಯದ್ದಿ, ಬಾಡತೊಡಗಿದ ಸೊಪ್ಪಿನ ಮೇಲೆ ಇನ್ನೊಮ್ಮೆ ನೀರು ಚಿಮುಕಿಸಿದ.