ಕಾಗದದ ಮೇಲಿನ ಇನ್ನೂರೈವತ್ತು ಕಿಲೋಮೀಟರ್

ಹಳೆಯ ಪೆಟ್ರೋಲ್ ಕಾರಿನಲ್ಲಿ ಕೊಡ್ಲಿಪೇಟೆಯಿಂದ ಮಡಿಕೇರಿಗೆ ಹೋಗಿ ಬರಲು ಸಾವಿರದ ನೂರು ರೂಪಾಯಿ ಆಗುತ್ತಿತ್ತು. ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಅದೇ ದಾರಿಗೆ ಮನೆಯ ಕರೆಂಟು ನೂರೈವತ್ತು ರೂಪಾಯಿಯಷ್ಟು. ಕಾರಿನ ಬೆಲೆ ಹನ್ನೊಂದು ಲಕ್ಷ. ಮರುಳಸಿದ್ದಪ್ಪ ಈ ಲೆಕ್ಕವನ್ನು ಮನೆಗೆ ಬಂದವರಿಗೆಲ್ಲ ಕಾಫಿ ಕೊಡುವ ಮೊದಲೇ ಒಪ್ಪಿಸುತ್ತಿದ್ದ. ಕೊನೆಗೆ ಶೋರೂಮಿನವರು ಕೊಟ್ಟ ಬಣ್ಣದ ಕಾಗದ ತೆಗೆದು, ಅದರಲ್ಲಿ ಅಚ್ಚಾಗಿದ್ದ ಒಂದು ಸಾಲಿನ ಮೇಲೆ ಬೆರಳಿಡುತ್ತಿದ್ದ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಇನ್ನೂರೈವತ್ತು ಕಿಲೋಮೀಟರ್.

"ಪೆಟ್ರೋಲ್ ಬಂಕಿನವನ ಮುಖ ನೋಡಿ ಎರಡು ತಿಂಗಳಾಯ್ತು. ಪಾಪ, ಸೊರಗಿರ್ಬೇಕು" ಎಂದು ನಗುತ್ತಿದ್ದ. ಹೆಂಡತಿ ಚನ್ನಬಸಮ್ಮನೂ ನಗುತ್ತಿದ್ದಳು. ಅವಳಿಗೆ ಕಾರು ಇಷ್ಟವಾಗಿತ್ತು. ಸದ್ದಿಲ್ಲ, ಹೊಗೆಯಿಲ್ಲ, ವಾಂತಿ ಬರುವುದಿಲ್ಲ. ಮಡಿಕೇರಿಯಲ್ಲಿರುವ ಅಕ್ಕ ಸಿದ್ದಗಂಗಮ್ಮನನ್ನು ತಿಂಗಳಿಗೊಮ್ಮೆ ನೋಡಿ ಬರಬಹುದು ಎಂಬುದೇ ಅವಳಿಗೆ ದೊಡ್ಡ ಸಂತೋಷ. ತಾಯಿ ತೀರಿಕೊಂಡಾಗ ಚನ್ನಬಸಮ್ಮನಿಗೆ ಆರು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು, ಮದುವೆ ಮಾಡಿ ಕಳಿಸಿದವಳು ಅಕ್ಕನೇ.

ಅವರ ಮನೆಯ ಮುಂದೆ ಬೆಳಿಗ್ಗೆ ಏಳೂವರೆಗೆ ಪಂಚಾಯಿತಿಯ ಕಸದ ಗಾಡಿ ಬರುತ್ತಿತ್ತು. ಅದೂ ಬ್ಯಾಟರಿ ಗಾಡಿ, ಮೂರು ಚಕ್ರದ್ದು. ಓಡಿಸುವವಳು ಯಮುನಾ. ಮೂರು ವರ್ಷದಿಂದ ಕೊಡ್ಲಿಪೇಟೆಯ ಸುತ್ತಮುತ್ತಲಿನ ಏರು ತಗ್ಗೆಲ್ಲ ಅವಳ ಕೈಗೆ ಗೊತ್ತು.

"ಯಮುನಾ, ನಿನ್ನ ಗಾಡಿ ಎಷ್ಟು ಓಡುತ್ತೆ?" ಎಂದು ಒಂದು ದಿನ ಮರುಳಸಿದ್ದಪ್ಪ ಗೇಟಿಗೆ ಒರಗಿ ನಿಂತು ಕೇಳಿದ.

"ಪೇಪರಲ್ಲಿ ನೂರು, ಯಜಮಾನ್ರೆ. ನನ್ನ ಕೈಲಿ ಅರವತ್ತು ದಾಟಿಲ್ಲ. ಮಳೇಲಿ ಹಸಿ ಕಸ ತುಂಬ್ಕೊಂಡು ದಿಬ್ಬ ಹತ್ತಿದ್ರೆ ಐವತ್ತೈದಕ್ಕೇ ಉಸ್ಸಪ್ಪ ಅನ್ನುತ್ತೆ."

"ಅದು ಕಸದ ಗಾಡಿ ಕಣಮ್ಮ. ಇದು ಹನ್ನೊಂದು ಲಕ್ಷದ್ದು."

"ಒಳಗಿರೋದು ಕಸನೋ ಯಜಮಾನ್ರೋ ಅಂತ ಬ್ಯಾಟರಿಗೆ ಗೊತ್ತಾಗಲ್ವಲ್ಲ. ಭಾರ ಅಂದ್ರೆ ಭಾರನೇ."

ಚನ್ನಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮರುಳಸಿದ್ದಪ್ಪನಿಗೆ ಮಾತ್ರ ಸ್ವಲ್ಪ ಚುಚ್ಚಿತು. "ಸರ್ಕಾರದ ಪರೀಕ್ಷೆ ಪಾಸಾಗಿ ಬಂದಿರೋ ನಂಬರು. ಸುಮ್ನೆ ಹಾಕಿರ್ತಾರಾ?"

"ಸುಳ್ಳು ಅಂತ ನಾನು ಹೇಳ್ಲಿಲ್ಲ" ಎಂದಳು ಯಮುನಾ. "ನಮಗೆ ಟ್ರೈನಿಂಗಲ್ಲಿ ಹೇಳಿದ್ರು. ಆ ಪರೀಕ್ಷೇನ ರಸ್ತೇಲಿ ಮಾಡಲ್ವಂತೆ. ಒಂದು ಕೋಣೇಲಿ ಉರುಳೆ ಮೇಲೆ ಗಾಡಿ ನಿಲ್ಸಿ ಚಕ್ರ ತಿರುಗಿಸ್ತಾರಂತೆ. ಅಲ್ಲಿ ದಿಬ್ಬ ಇಲ್ಲ, ಮಳೆ ಇಲ್ಲ, ಏಸಿ ಹಾಕಲ್ಲ, ಮನೆಮಂದಿ ಹತ್ತಲ್ಲ. ಯಾವ ಗಾಡಿ ಯಾವುದಕ್ಕಿಂತ ಚೆನ್ನಾಗಿದೆ ಅಂತ ಹೋಲಿಸಿ ನೋಡೋಕೆ ಆ ನಂಬರು. ನಮ್ಮೂರ ದಾರೀಗೆ ಅಲ್ಲ. ನಿಮಗೆ ನಾನು ಹೇಳ್ಬೇಕಾ? ಐವತ್ತು ಕೆಜಿ ಒಣ ಚೆರ್ರಿ ಮೂಟೆ ಒಡೆಸಿದ್ರೆ ಕಾಫಿ ಬೀಜ ಎಷ್ಟು ಬರುತ್ತೆ?"

"ಇಪ್ಪತ್ತಾರು. ಒಳ್ಳೆ ಮಾಲಾದ್ರೆ ಇಪ್ಪತ್ತೇಳು, ಇಪ್ಪತ್ತೆಂಟು."

"ಅದೇ ಔಟ್‌ಟರ್ನು. ಗಾಡಿಗೂ ಒಂದು ಔಟ್‌ಟರ್ನ್ ಇರುತ್ತೆ, ಯಜಮಾನ್ರೆ. ಒಂದ್ಸಲ ಪೂರ್ತಿ ಚಾರ್ಜ್ ಮಾಡಿ, ನಮ್ಮ ರಸ್ತೇಲಿ ಓಡ್ಸಿ, ಬರ್ಕೊಂಡು ನೋಡಿ."

ಮೂವತ್ತು ವರ್ಷ ಕಾಫಿ ಮಾರಿದ ಮನುಷ್ಯ ಮರುಳಸಿದ್ದಪ್ಪ. ಮೂಟೆಯ ತೂಕ ನೋಡಿ ಅವನು ಒಮ್ಮೆಯೂ ಬೆಲೆ ಕಟ್ಟಿದವನಲ್ಲ. ಒಂದು ಹಿಡಿ ತೆಗೆದು ಸುಲಿಸಿ, ಬೀಜ ತೂಗಿಸಿ, ಆಮೇಲೆ ಬಾಯಿ ಬಿಡುವವನು. ಅಂಥವನು ಕಾರಿನ ವಿಷಯದಲ್ಲಿ ಮೂಟೆಯ ತೂಕವನ್ನೇ ನಂಬಿ ಕೂತ. ಯಮುನಾ ಹೋದ ಮೇಲೆ, "ಕಸ ಎತ್ತೋಳು ಕಾರಿನ ಪಾಠ ಹೇಳ್ತಾಳೆ ನೋಡು" ಎಂದ. ಚನ್ನಬಸಮ್ಮ ಖಾಲಿ ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಅವಳಿಗೂ ಯಮುನಾಳ ಮಾತು ಅಷ್ಟು ಮುಖ್ಯ ಅನ್ನಿಸಿರಲಿಲ್ಲ.

ಜುಲೈ ತಿಂಗಳಲ್ಲಿ ಮಳೆ ಹಿಡಿಯಿತು. ಕಾಫಿ ಎಸ್ಟೇಟಿನ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಹೋದ ಕರೆಂಟು ಎರಡು ದಿನವಾದರೂ ಬಂದಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಮಗಳು ದಿವ್ಯಶ್ರೀಯ ಫೋನ್ ಬಂತು.

"ಚಿಕ್ಕಮ್ಮ, ಅಮ್ಮಂಗೆ ಹೊಟ್ಟೆಯೊಳಗೆ ಕರುಳು ತೂತಾಗಿದೆಯಂತೆ. ರಾತ್ರಿಯೆಲ್ಲ ನರಳಿದ್ರು. ಮಡಿಕೇರಿ ಆಸ್ಪತ್ರೇಲಿದೀವಿ. ಒಂದು ಗಂಟೆಗೆ ಆಪರೇಷನ್. ಕಷ್ಟ ಇದೆ ಅಂತ ಡಾಕ್ಟ್ರು ಸೈನ್ ಮಾಡಿಸ್ಕೊಂಡ್ರು. ಒಳಗೆ ಹೋಗೋ ಮುಂಚೆ ನಿಮ್ಮನ್ನ ನೋಡ್ಬೇಕು ಅಂತಿದಾರೆ."

ದಿವ್ಯಶ್ರೀ ಫೋನನ್ನು ತಾಯಿಯ ಕೈಗೆ ಕೊಟ್ಟಳು. ಅಕ್ಕನ ದನಿ ದೂರದಿಂದ ಬಂದಂತಿತ್ತು. "ಬಸೀ, ಬಾ. ನಿನಗೊಂದು ಮಾತು ಹೇಳೋದಿದೆ."

"ಬಂದೆ ಅಕ್ಕ. ಹೊರಟೆ" ಎಂದಳು ಚನ್ನಬಸಮ್ಮ.

ಮಡಿಕೇರಿಗೆ ಎಪ್ಪತ್ತೈದು ಕಿಲೋಮೀಟರ್. ಕಾರಿನ ಚಾರ್ಜ್ ನೂರಕ್ಕೆ ನಲವತ್ತೈದು ಇತ್ತು. ಮರುಳಸಿದ್ದಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಇನ್ನೂರೈವತ್ತರಲ್ಲಿ ಹೆಚ್ಚುಕಮ್ಮಿ ಅರ್ಧ. ನೂರ ಹನ್ನೆರಡು ಕಿಲೋಮೀಟರ್ ಬಂತು. "ಧಾರಾಳ ಆಯ್ತು ಕಣೇ. ಹತ್ತು."

ಗೇಟಿನಲ್ಲಿ, ಮಳೆಗೆ ತಡವಾಗಿ ಬಂದ ಯಮುನಾ ಸಿಕ್ಕಿದಳು. ಕರೆಂಟಿಲ್ಲವೆಂದು ಅವಳು ಆ ದಿನ ಮೇಲಿನ ಕೇರಿಗೆ ಹೋಗದೆ ಚಾರ್ಜ್ ಉಳಿಸಿಕೊಂಡಿದ್ದಳು. ವಿಷಯ ಕೇಳಿ, ಕಾರಿನೊಳಗೆ ಬಗ್ಗಿ ಪರದೆ ನೋಡಿದಳು.

"ಯಜಮಾನ್ರೆ, ಸಿಟ್ಟು ಮಾಡ್ಕೋಬೇಡಿ. ಈ ಮಳೇಲಿ, ಈ ಏರಲ್ಲಿ, ಇಷ್ಟಕ್ಕೆ ಅರವತ್ತೋ ಅರವತ್ತೈದೋ ಬರಬಹುದು, ಅಷ್ಟೆ. ಸೋಮವಾರಪೇಟೇಲಿ ಚಾರ್ಜ್ ಮಾಡೋ ಜಾಗ ಇದೆ. ತಡೀರಿ, ಕರೆಂಟಿದೆಯಾ ಕೇಳ್ತೀನಿ." ಅಲ್ಲೇ ನಿಂತು ಫೋನ್ ಮಾಡಿದಳು. "ಇದೆಯಂತೆ. ಅರ್ಧ ಗಂಟೆ ನಿಲ್ಸಿ. ಚನ್ನಬಸಕ್ಕ, ನೀವಾದ್ರೂ ನೆನಪು ಮಾಡಿ."

ಶನಿವಾರಸಂತೆಯಲ್ಲಿ ಅಕ್ಕನ ಮೈದುನ ಶಿವಪ್ರಕಾಶ್ ರಸ್ತೆ ಬದಿಯಲ್ಲಿ ಕಾಯುತ್ತಿದ್ದ. ಜೊತೆಗೆ ಅವನ ಹೆಂಡತಿ, ವಯಸ್ಸಾದ ತಾಯಿ. ಕಾಯಿಲೆಯವರನ್ನು ನೋಡಲು ಹೊರಟ ಕಾರಿನಲ್ಲಿ ಜಾಗವಿಲ್ಲ ಅನ್ನುವುದುಂಟೇ? ಹತ್ತಿಸಿಕೊಂಡರು. ಆಸ್ಪತ್ರೆಯಲ್ಲಿ ಎಷ್ಟು ದಿನವೋ ಎಂದು ಅಕ್ಕಿ, ಹಾಸಿಗೆ, ಪಾತ್ರೆಯ ಗಂಟು ಡಿಕ್ಕಿ ತುಂಬಿತು. ಮುದುಕಿಗೆ ಚಳಿ. ಹೀಟರ್ ಹಾಕಿದರು. ಐದು ಜನರ ಉಸಿರಿಗೆ ಗಾಜು ಮಸುಕಾಯಿತು. ಅದಕ್ಕೂ ಗಾಳಿ ಬಿಟ್ಟರು. ಇದೆಲ್ಲ ಒಂದೇ ಬ್ಯಾಟರಿಯಿಂದ ಹೋಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರಪೇಟೆ ತಲುಪಿದಾಗ ಹನ್ನೊಂದು ಗಂಟೆ. ಚಾರ್ಜ್ ಇಪ್ಪತ್ತಮೂರಕ್ಕೆ ಇಳಿದಿತ್ತು. ಪರದೆ ಮಾತ್ರ ಇನ್ನೂ ಐವತ್ತೈದು ಕಿಲೋಮೀಟರ್ ಹೋಗಬಹುದು ಎಂದು ತೋರಿಸುತ್ತಿತ್ತು. ಮಡಿಕೇರಿಗೆ ನಲವತ್ತೆರಡು.

"ರೀ, ಯಮುನಾ ಹೇಳಿದ ಜಾಗ" ಎಂದಳು ಚನ್ನಬಸಮ್ಮ.

"ನಿಲ್ಸೋದು ಬೇಕಾ? ಐವತ್ತೈದು ತೋರಿಸ್ತಿದೆ. ಅಲ್ಲಿ ಅರ್ಧ ಗಂಟೆ ಕೂತ್ರೆ ನಿನ್ನಕ್ಕ ಕಾಯ್ತಾಳಾ? ನೀನೇ ಹೇಳು."

ಅವಳು ಗಡಿಯಾರ ನೋಡಿದಳು. ಅರ್ಧ ಗಂಟೆ ನಿಂತಿದ್ದರೂ ಹನ್ನೆರಡೂ ಮುಕ್ಕಾಲಿಗೆ ಆಸ್ಪತ್ರೆಯಲ್ಲಿರುತ್ತಿದ್ದರು. ಆ ಲೆಕ್ಕ ಅವಳಿಗೆ ಆಮೇಲೆ ಹೊಳೆಯಿತು. ಆ ಹೊತ್ತಿಗೆ ಅಕ್ಕನ ದನಿಯೊಂದೇ ಕಿವಿಯಲ್ಲಿತ್ತು. "ಹೋಗೋಣ ಬಿಡಿ" ಎಂದಳು.

ಮಾದಾಪುರದವರೆಗೆ ಇಳಿಜಾರು. ಹದಿನೈದು ಕಿಲೋಮೀಟರ್ ಇಳಿದರೂ ಪರದೆಯ ಸಂಖ್ಯೆ ಐವತ್ತರ ಕೆಳಗೆ ಬರಲಿಲ್ಲ. "ನೋಡಿದ್ಯಾ? ಕಸದ ಗಾಡಿಯವಳ ಮಾತು ಕೇಳಿದ್ರೆ ಇನ್ನೂ ಅಲ್ಲೇ ಟೀ ಕುಡೀತಾ ಇರ್ತಿದ್ವಿ" ಎಂದ ಮರುಳಸಿದ್ದಪ್ಪ. ಆಮೇಲೆ ಮಡಿಕೇರಿಯ ಏರು ಶುರುವಾಯಿತು. ನಲವತ್ತೈದು, ಮೂವತ್ತಾರು, ಇಪ್ಪತ್ತೆಂಟು. ಕಾರು ಒಂದು ಕಿಲೋಮೀಟರ್ ಹತ್ತಿದರೆ ಸಂಖ್ಯೆ ಎರಡು, ಮೂರು ಇಳಿಯುತ್ತಿತ್ತು. ಹೀಟರ್ ಆರಿಸಿದರು. ಗಾಜು ಮಸುಕಾಗಿ ಚನ್ನಬಸಮ್ಮ ಸೆರಗಿನಲ್ಲಿ ಒರೆಸುತ್ತ ಕೂತಳು. ಮಕ್ಕಂದೂರು ಸಿಗುವ ಮೊದಲೇ ಕಾರು ನಡಿಗೆಯ ವೇಗಕ್ಕೆ ಇಳಿದು, ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಇನ್ನು ಹತ್ತು ಕಿಲೋಮೀಟರ್ ಇತ್ತು.

ಕ್ಯಾನಿನಲ್ಲಿ ಎಣ್ಣೆ ತಂದು ಸುರಿಯುವ ಗಾಡಿಯಲ್ಲ ಅದು. ಫೋನಿಗೆ ಸಿಗ್ನಲ್ ಇಲ್ಲ. ಮುದುಕಿಯನ್ನು ಮಳೆಯಲ್ಲಿ ನಡೆಸುವಂತಿಲ್ಲ. ಕೈ ಅಡ್ಡ ಹಾಕಿದ ಎರಡು ಕಾರು ನೀರು ಹಾರಿಸಿಕೊಂಡು ಹೋದವು. ಒಂದು ಗಂಟೆ ದಾಟಿ ಹತ್ತು ನಿಮಿಷವಾದಾಗ ಬೋಜ ಎಂಬವನ ಪಿಕಪ್ ನಿಂತಿತು.

"ಮುಂದೆ ಒಬ್ರಿಗೆ ಜಾಗ ಉಂಟು. ಬನ್ನಿ ಅಕ್ಕ" ಎಂದ ಬೋಜ.

ಚನ್ನಬಸಮ್ಮ ಒಬ್ಬಳೇ ಹತ್ತಿದಳು. ತಿರುಗಿ ನೋಡಿದಾಗ ಗಂಡ ಕಾರಿನ ಪಕ್ಕ ತಲೆಗೆ ಟವೆಲ್ ಹಾಕಿಕೊಂಡು ನಿಂತಿದ್ದ. ಅವಳ ಮುಖ ನೋಡಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಒಂದೂ ಮುಕ್ಕಾಲು. ದಿವ್ಯಶ್ರೀ ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಎರಡು ಸಲ ಕೇಳಿದ್ರು ಚಿಕ್ಕಮ್ಮ, ಬಸಿ ಬಂದ್ಲಾ ಅಂತ. ನನ್ನ ತಂಗಿ ಕಾರಲ್ಲಿ ಬರ್ತಿದಾಳೆ, ಐದು ನಿಮಿಷ ತಡೀರಮ್ಮ ಅಂತ ನರ್ಸ್‌ಗೆ ಹೇಳಿದ್ರು. ನರ್ಸು ಪಾಪ ಹತ್ತು ನಿಮಿಷ ಕಾದ್ರು. ಆಮೇಲೆ ಕರ್ಕೊಂಡು ಹೋದ್ರು."

"ನನಗೇನೋ ಹೇಳ್ಬೇಕು ಅಂದಿದ್ಲಲ್ಲ. ನಿನ್ನ ಹತ್ರ ಹೇಳಿದ್ಲಾ?"

"ಇಲ್ಲ. ಅವಳಿಗೇ ಹೇಳ್ತೀನಿ ಅಂದ್ರು."

ಮೂರೂವರೆಗೆ ಡಾಕ್ಟರು ಹೊರಗೆ ಬಂದರು. ಸಿದ್ದಗಂಗಮ್ಮನಿಗೆ ಎಚ್ಚರವಾಗದೆ ಒಳಗೇ ಪ್ರಾಣ ಹೋಗಿತ್ತು.

ಮನೆಗೆ ಮರಳಿದ ಮೇಲೆ ಚನ್ನಬಸಮ್ಮ ಗಂಡನನ್ನು ಬೈಯಲಿಲ್ಲ. ಹೋಗೋಣ ಬಿಡಿ ಅಂದದ್ದು ತಾನೇ ಅಲ್ಲವೇ? ಅವನು ಹಲವು ದಿನ ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದ. ಒಂದು ಬೆಳಿಗ್ಗೆ ಕಸದ ಗಾಡಿ ಬಂದಾಗ ತಾನೇ ಬಕೆಟ್ ಹಿಡಿದು ಗೇಟಿಗೆ ಹೋದ.

"ಯಮುನಾ, ಭಾನುವಾರ ಬಿಡುವಿದೆಯೇನಮ್ಮ? ಆ ಔಟ್‌ಟರ್ನ್ ತೆಗೀಬೇಕು. ನೀನೇ ಕಲಿಸ್ಕೊಡು."

ಯಮುನಾ ಅವನ ಮುಖ ನೋಡಿದಳು. ನಾನು ಆವತ್ತೇ ಹೇಳಿರಲಿಲ್ಲವಾ ಎಂದು ಕೇಳಲಿಲ್ಲ. "ಬರ್ತೀನಿ ಯಜಮಾನ್ರೆ" ಎಂದಳು.

ಭಾನುವಾರ ಕಾರನ್ನು ಪೂರ್ತಿ ಚಾರ್ಜ್ ಮಾಡಿ, ನಾಲ್ಕು ಜನ ಕೂತು, ಮಳೆಯಲ್ಲೇ ಸೋಮವಾರಪೇಟೆಗೆ ಹೋಗಿ ಬಂದರು. ಯಮುನಾ ಹೇಳಿದ್ದು ಇಷ್ಟು: "ಪರದೇಲಿ ಇಷ್ಟು ಕಿಲೋಮೀಟರ್ ಉಳಿದಿದೆ ಅಂತ ಬರೋದು ಅಂದಾಜು. ಹಿಂದೆ ಹೆಂಗೆ ಓಡ್ತು ಅಂತ ನೋಡಿ ಹೇಳುತ್ತೆ, ಮುಂದೆ ಏರಿದೆ ಅಂತ ಅದಕ್ಕೇನು ಗೊತ್ತು? ನೂರಕ್ಕೆ ಎಷ್ಟು ಉಳಿದಿದೆ ಅನ್ನೋದನ್ನ ನೋಡಿ." ಅರವತ್ತಾರು ಕಿಲೋಮೀಟರಿಗೆ ಚಾರ್ಜಿನ ನೂರರಲ್ಲಿ ನಲವತ್ತನಾಲ್ಕು ಭಾಗ ಖರ್ಚಾಗಿತ್ತು. ಪೂರ್ತಿ ಚಾರ್ಜಿಗೆ ನೂರೈವತ್ತು ಕಿಲೋಮೀಟರ್ ಬಿತ್ತು. ಬರೀ ಏರಿನಲ್ಲಿ ಅದಕ್ಕಿಂತಲೂ ಕಡಿಮೆ. ಮರುಳಸಿದ್ದಪ್ಪ ನೂರೈವತ್ತು ಎಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿನ ಪಕ್ಕ ಅಂಟಿಸಿದ. ಕಾರು ಮಾರಲಿಲ್ಲ. ತಪ್ಪು ಕಾರಿನದಲ್ಲ ಎಂದು ಅವನೇ ಎಲ್ಲರಿಗೂ ಹೇಳುತ್ತಾನೆ. ಈಗ ನೂರಕ್ಕೆ ಇಪ್ಪತ್ತರಷ್ಟಕ್ಕೆ ಇಳಿಯುವ ಮೊದಲೇ ಚಾರ್ಜಿಗೆ ನಿಲ್ಲಿಸುತ್ತಾನೆ. ಮಳೆಗಾಲದಲ್ಲಿ ಕರೆಂಟಿರುವಾಗಲೇ ತುಂಬಿಸಿಡುತ್ತಾನೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎಲೆಕ್ಟ್ರಿಕ್ ಗಾಡಿ ಕೊಳ್ಳಬೇಡಿ ಎಂದು ಈ ಕಥೆ ಹೇಳುತ್ತಿಲ್ಲ. ಖರ್ಚು ಕಡಿಮೆ, ಹೊಗೆ ಇಲ್ಲ, ಕೊಳ್ಳಿ. ಆದರೆ ಕಾಗದದಲ್ಲಿರುವ ಕಿಲೋಮೀಟರಿನಲ್ಲಿ ಮೂರರಲ್ಲೊಂದು ಭಾಗ ಮೊದಲೇ ಕಳೆಯಿರಿ. ಏರುದಾರಿ, ಮಳೆ, ಗಾಡಿ ತುಂಬ ಜನ ಇದ್ದರೆ ಅರ್ಧವೇ ಎಂದುಕೊಳ್ಳಿ. ಗಾಡಿ ಹಳೆಯದಾದಂತೆ ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ. ಕೊಳ್ಳುವ ಮೊದಲು ಅದೇ ಗಾಡಿ ಓಡಿಸುವ ನಿಮ್ಮೂರಿನವರನ್ನು ಕೇಳಿ. ಕೊಂಡ ಮೊದಲ ವಾರವೇ ನಿಮ್ಮ ದಾರಿಯಲ್ಲಿ, ನಿಮ್ಮ ಮನೆಯವರನ್ನು ಕೂರಿಸಿಕೊಂಡು ಓಡಿಸಿ, ಬರೆದಿಡಿ. ದಾರಿಯಲ್ಲಿ ಚಾರ್ಜ್ ಮಾಡುವ ಜಾಗ ಎಲ್ಲಿದೆ, ಅಲ್ಲಿ ಕರೆಂಟಿದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ. ಅವಸರ ಇದ್ದ ದಿನ ಇದನ್ನು ಎರಡು ಸಲ ಮಾಡಿ.

ಸೋಮವಾರಪೇಟೆಯಲ್ಲಿ ನಿಲ್ಲದೆ ಹೋದದ್ದರಿಂದ ಚನ್ನಬಸಮ್ಮನಿಗೆ ಉಳಿದದ್ದು ಅರ್ಧ ಗಂಟೆ. ಅಕ್ಕನನ್ನು ಜೀವಂತ ನೋಡಲು ಅವಳಿಗೆ ಆಗಲಿಲ್ಲ. ಅಕ್ಕ ಹೇಳಬೇಕೆಂದಿದ್ದ ಮಾತು ಏನೆಂದು ಇವತ್ತಿಗೂ ಗೊತ್ತಿಲ್ಲ.