‘ನೋಡೋಣ’ ಅಂದರೆ ಏನು

ವಿಲ್ಡಾ ಪಿಂಕಮ್ ತನ್ನ ಜಾಗದಲ್ಲಿ ಮನೆ ಕಟ್ಟಿಕೊಳ್ಳಲು ಅರ್ಜಿ ಹಾಕಿದಾಗ, ಊರಿನ ಯೋಜನಾ ಮಂಡಳಿಯಲ್ಲಿದ್ದ ನಮಗೆಲ್ಲ ಅವಳು ಕಟ್ಟುವ ಹಾಗಿಲ್ಲ ಎಂದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಕಷ್ಟ ಮಾತ್ರ ಯಾರಿಗೂ ಬೇಕಿರಲಿಲ್ಲ.

ಮೇನ್ ರಾಜ್ಯದ ಕರಾವಳಿಯ ನಮ್ಮೂರಲ್ಲಿ ಒಂದು ನಿಯಮವಿದೆ. ಸಮುದ್ರದ ಅಂಚಿನಿಂದ ಎಪ್ಪತ್ತೈದು ಅಡಿಯೊಳಗೆ ಏನನ್ನೂ ಕಟ್ಟಬಾರದು. ವಿಲ್ಡಾಳಿಗೆ ಅಪ್ಪನಿಂದ ಬಂದ ಜಾಗ ನೀರಿನೊಳಕ್ಕೆ ನಾಲಗೆ ಚಾಚಿದಂತಿದೆ. ಯಾವ ಕಡೆಯಿಂದ ಟೇಪು ಹಿಡಿದರೂ ಎಪ್ಪತ್ತೈದು ಅಡಿ ಮುಗಿಯುವ ಮೊದಲೇ ಆಚೆ ಬದಿಯ ನೀರು ಬಂದುಬಿಡುತ್ತದೆ. ನಿಯಮ ಬರುವ ಹೊತ್ತಿಗೆ ಜಾಗ ಆಗಲೇ ಅವಳ ಹೆಸರಲ್ಲಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ಅಕ್ಕ ಆರ್ಡಿಸ್‌ಳ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಅಂಚೆಕಚೇರಿಯ ಬಾಗಿಲಲ್ಲಿ ನಿಂತು ಆರ್ಡಿಸ್ ಬಂದುಹೋದವರಿಗೆಲ್ಲ ಹೇಳುತ್ತಿದ್ದಳು: “ಇವಳು ಯಾವಾಗ ಹೋಗ್ತಾಳೋ, ನಾನು ಯಾವಾಗ ಉಸಿರಾಡ್ತೀನೋ!” ವಿಲ್ಡಾ ಹೇಳುತ್ತಿದ್ದುದು ಇಷ್ಟೇ: “ಸಾಯೋದ್ರೊಳಗೆ ನನ್ನ ಬಾಗಿಲು ನಾನೇ ಹಾಕ್ಕೊಂಡು ಮಲಗ್ಬೇಕು.”

ಮಂಡಳಿಯ ಅಧ್ಯಕ್ಷ ಮರ್ಟನ್ ಆಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವವನು. ದೋಣಿ ನಡೆಸುವಾಗ ಬಾಯಿಗೆ ಬಂದದ್ದು ಬೈಯುತ್ತಾನೆ, ದಡಕ್ಕೆ ಬಂದರೆ ಸಜ್ಜನ. ವಿಲ್ಡಾಳ ಎರಡು ಮಹಡಿಯ ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಬಹಳ ಚೆನ್ನಾಗಿದೆ ಕಣೆ. ಸ್ವಲ್ಪ ಚಿಕ್ಕದು ಮಾಡ್ಕೊಂಡು ಬಾ. ನೋಡೋಣ.”

ಅವಳು ಒಂದು ಮಹಡಿ ತೆಗೆದಳು. ನೋಡೋಣ ಅಂದ. ಎರಡು ಕೋಣೆಗೆ ಇಳಿಸಿದಳು. ನೋಡೋಣ ಅಂದ. ಆಗ ಅವಳು ಡ್ವೈಟ್ ಲಿಬ್ಬಿ ಎಂಬ ವಕೀಲನನ್ನು ಹಿಡಿದಳು. ಅವನ ದೋಣಿಯ ಎಂಜಿನ್ ರಿಪೇರಿಗೆಂದು ನನ್ನ ಶೆಡ್ಡಿನಲ್ಲಿತ್ತು, ಹಾಗಾಗಿ ಅವನು ಅವಳಿಗೆ ವಿವರಿಸಿದ್ದೆಲ್ಲ ನನ್ನ ಎದುರಿಗೇ ನಡೆಯಿತು. ನಾನು ಮಂಡಳಿಯವನು ಅಂತ ಅವನಿಗೆ ನೆನಪಿಸಿದೆ. ಸ್ಪ್ಯಾನರ್ ತಿರುಗಿಸು ಅಂದ.

“ಸರ್ಕಾರ ನಿಮ್ಮ ಜಮೀನು ತಗೊಂಡ್ರೆ ದುಡ್ಡು ಕೊಡ್ಬೇಕು ಅಂತ ಸಂವಿಧಾನದಲ್ಲೇ ಇದೆ,” ಎಂದ ಡ್ವೈಟ್. “ಜಮೀನು ನಿಮ್ಮ ಹತ್ರಾನೇ ಬಿಟ್ಟು, ಅಲ್ಲಿ ಏನೂ ಮಾಡೋ ಹಾಗಿಲ್ಲ ಅಂದ್ರೂ ತಗೊಂಡ ಹಾಗೇನೇ.”

“ಹಾಗಾದ್ರೆ ಹಾಕು ಕೇಸು.”

“ಅವ್ರು ‘ಇಲ್ಲ’ ಅಂತ ಖಡಾಖಂಡಿತ ಹೇಳಿಲ್ವಲ್ಲ. ಅಲ್ಲಿತನಕ ಕೇಸು ಹಣ್ಣಾಗಿಲ್ಲ ಅಂತ ಕೋರ್ಟು ವಾಪಸ್ ಕಳಿಸುತ್ತೆ.”

“ಅದು ಹಣ್ಣಾಗೋಷ್ಟರಲ್ಲಿ ನಾನೇ ಹಣ್ಣಾಗಿ ಉದುರಿಹೋಗ್ತೀನಿ ಕಣಯ್ಯಾ!”

ಇತ್ತ ಊರಿನ ಪರ ವಕೀಲೆ ನಗರದಿಂದ ಬಂದು ನಮಗೊಂದು ಬುದ್ಧಿಮಾತು ಹೇಳಿಹೋದಳು. ಏನು ಬೇಕಾದರೂ ಅನ್ನಿ, ‘ಇಲ್ಲ’ ಮಾತ್ರ ಅನ್ನಬೇಡಿ. ನಮಗೆ ಹಾಯೆನಿಸಿತು. ಹುಟ್ಟಿನಿಂದ ಬಂದ ನಮ್ಮ ಸಂಕೋಚಕ್ಕೆ ಈಗ ಕಾನೂನಿನ ಬೆಂಬಲವೂ ಸಿಕ್ಕಿತ್ತು.

ನಕ್ಷೆಯಲ್ಲಿ ಮನೆ ಹೋಗಿ ಗುಡಿಸಲು ಬಂತು, ಗುಡಿಸಲು ಹೋಗಿ ಗೂಡು ಬಂತು. ಕೊನೆಗೆ ಅವಳು ತಂದದ್ದು ಒಂದೇ ಒಂದು ಕುರ್ಚಿ ಹಿಡಿಸುವ ಪೆಟ್ಟಿಗೆಯ ನಕ್ಷೆ. ಮರ್ಟನ್ ಕನ್ನಡಕ ಹಾಕಿಕೊಂಡ.

“ಕುರ್ಚಿಗೆ ಕೈ ಇದೆಯಾ?”

“ಇದೆ.”

“ಕೈಯಿಲ್ಲದ ಕುರ್ಚಿ ಆದ್ರೆ... ನೋಡೋಣ.”

“ಮರ್ಟನ್, ಒಂದೇ ಒಂದ್ಸಲ ‘ಇಲ್ಲ’ ಅಂದುಬಿಡೋ. ನಿನ್ನ ದಮ್ಮಯ್ಯ!”

“ಛೆ ಛೆ, ನಿನ್ನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದೋನು ನಾನು. ಅಷ್ಟು ಕಟುವಾಗಿ ಹೇಗೆ ಹೇಳ್ಲಿ ಮಾರಾಯ್ತಿ?”

ಡ್ವೈಟ್‌ಗೂ ಸಾಕಾಗಿತ್ತು, ಕೇಸು ಹಾಕೇಬಿಟ್ಟ. ನ್ಯಾಯಾಧೀಶೆ ದಕ್ಷಿಣದ ಕಡೆಯವರು, ನಮ್ಮ ಮಾತಿನ ವರಸೆ ಗೊತ್ತಿಲ್ಲದವರು. ಊರಿನ ವಕೀಲೆ ಎದ್ದು, ಮಂಡಳಿ ಇನ್ನೂ ಮುಕ್ತ ಮನಸ್ಸಿನಿಂದ ಪರಿಶೀಲಿಸುತ್ತಿದೆ ಎಂದಳು. ನಾವು ಮುಕ್ತ ಮನಸ್ಸಿನವರಂತೆ ಮುಖ ಮಾಡಿಕೊಂಡು ಕೂತೆವು. ಡ್ವೈಟ್ ಮರ್ಟನ್‌ನನ್ನು ಕಟಕಟೆಗೆ ಕರೆದ. ಮರ್ಟನ್ ಬೈಬಲ್ ಮುಟ್ಟಿ ಪ್ರಮಾಣ ಮಾಡಿದ. ಪ್ರಮಾಣ ಮಾಡಿದ ಮೇಲೆ ಅವನು ಸುಳ್ಳು ಹೇಳುವವನಲ್ಲ, ಅದೇ ತೊಂದರೆ.

“‘ನೋಡೋಣ’ ಅಂದ್ರೆ ಏನು?” ಎಂದ ಡ್ವೈಟ್.

“ನೋಡೋಣ ಅಂದ್ರೆ ನೋಡೋಣ ಅಂತ.”

“ಫ್ಲೋರಿಡಾಕ್ಕೆ ಹೋಗಿಬರೋಣ ಅಂತ ನಿಮ್ಮ ಹೆಂಡ್ತಿ ಕೇಳಿದ್ರಂತೆ. ಏನಂದ್ರಿ?”

ಮರ್ಟನ್‌ನ ಹೆಂಡತಿ ವರ್ನಾ ಹಿಂದಿನ ಸಾಲಿನಲ್ಲಿ ಉಣ್ಣೆ ಹೆಣೆಯುತ್ತಿದ್ದಳು. ಕಡ್ಡಿಗಳ ಸದ್ದು ನಿಂತಿತು.

“ನೋಡೋಣ ಅಂದೆ.”

“ಹೋದ್ರಾ?”

“ಇಲ್ಲ.”

“ನಿಮ್ಮ ಭಾವಮೈದ ದೋಣಿಯಲ್ಲಿ ಪಾಲು ಕೇಳ್ದಾಗ?”

“ನೋಡೋಣ ಅಂದೆ.”

“ಕೊಟ್ರಾ?”

“ಅವನಿಗಾ?”

“ನೀವು ‘ನೋಡೋಣ’ ಅಂದದ್ದು ಜೀವಮಾನದಲ್ಲಿ ಒಂದಾದ್ರೂ ಆಗಿದೆಯಾ?”

ಮರ್ಟನ್ ಪ್ರಾಮಾಣಿಕವಾಗಿ ಯೋಚಿಸಿದ. ನಾವೂ ಅವನಿಗಾಗಿ ಯೋಚಿಸಿದೆವು. ವರ್ನಾ ಕೂತಲ್ಲಿಂದಲೇ ಅಂದಳು: “ಸುಮ್ನೆ ಯಾಕೆ ಹೊತ್ತು ಕಳೀತೀರಿ? ಒಂದೂ ಇಲ್ಲ.”

ಅದು ಸಾಕ್ಷ್ಯವಲ್ಲ ಎಂದು ಊರಿನ ವಕೀಲೆ ಆಕ್ಷೇಪಿಸಿದಳು. ಮರ್ಟನ್ ಮಾತ್ರ ತಲೆ ತಗ್ಗಿಸಿ, “ಅವಳು ಹೇಳೋದು ನಿಜ ತಾಯಿ,” ಅಂದ.

ಈ ಊರಿನಲ್ಲಿ ‘ನೋಡೋಣ’ ಎಂಬುದೇ ಅಂತಿಮ ನಿರಾಕರಣೆ ಎಂದು ನ್ಯಾಯಾಧೀಶೆ ಬರೆದರು. ಆ ಜಾಗವನ್ನು ನಿಯಮ ಪೂರ್ತಿ ನಿರುಪಯೋಗಿ ಮಾಡಿದೆ. ಊರು ಒಂದೋ ಕಟ್ಟಲು ಬಿಡಲಿ, ಇಲ್ಲವೇ ಜಾಗದ ಬೆಲೆ ಕೊಡಲಿ.

ಬೇಸಿಗೆಗೆ ಬರುವ ಸಿರಿವಂತರಿಂದಾಗಿ ನಮ್ಮೂರ ದಡದ ಬೆಲೆ ಆಕಾಶಕ್ಕೇರಿದೆ. ಅದನ್ನು ಕೊಡಬೇಕಾದರೆ ರಸ್ತೆಯ ಹಿಮ ತಳ್ಳುವ ಲಾರಿಯನ್ನು ಮಾರಬೇಕಿತ್ತು. ಮಾರ್ಚಿನಲ್ಲಿ ಶಾಲೆಯ ಹಾಲ್‌ನಲ್ಲಿ ಊರಸಭೆ ಸೇರಿತು. ಮೂರು ಕೋಣೆಯ ಮನೆಗೆ ವಿನಾಯಿತಿ ಕೊಡೋಣವೇ ಎಂದು ಸಭೆ ನಡೆಸುವವರು ಕೇಳಿದಾಗ, ಲಾರಿಯ ಮೇಲಿನ ಪ್ರೀತಿಯಿಂದ ಎಲ್ಲರೂ ಒಟ್ಟಿಗೆ “ಹೌದು” ಅಂದೆವು. ಮರ್ಟನ್ ಎಲ್ಲರಿಗಿಂತ ಜೋರಾಗಿ ಅಂದ.

“ವಿರೋಧ ಇರುವವರು?” ಕೇಳಬೇಕಾದ್ದರಿಂದ ಅವರು ಕೇಳಿದರು. ನಮ್ಮಲ್ಲಿ ಅದು ಕೋಟು ಹಾಕಿಕೊಳ್ಳುವ ಹೊತ್ತು.

“ಇಲ್ಲ! ಬೇಡ!”

ಎಲ್ಲರೂ ಕೋಟಿಗೆ ಒಂದು ತೋಳು ತೂರಿಸಿಕೊಂಡವರು ಹಾಗೇ ತಿರುಗಿದೆವು. ಆರ್ಡಿಸ್ ಎದ್ದು ನಿಂತಿದ್ದಳು.

ವಿಲ್ಡಾ ಕುಳಿತಲ್ಲೇ ಕತ್ತು ಹೊರಳಿಸಿದಳು. “ಏನೇ ನಿಂದು?”

“ಬೇಡ ಅಂದೆ.”

“ಊರೆಲ್ಲ ಹೇಳ್ಕೊಂಡು ತಿರುಗಿದ್ಯಲ್ಲೇ, ಯಾವಾಗ ತೊಲಗ್ತಾಳೋ ಅಂತ!”

“ಹೇಳ್ದೆ. ನೀನು ಹೋಗ್ತೀಯ ಅಂತ ಯಾರಿಗೆ ಗೊತ್ತಿತ್ತು?”

ವಿಲ್ಡಾ ಅಕ್ಕನನ್ನೇ ನೋಡಿದಳು. “ನಾನು ಹೋಗ್ತೀನಿ ಆರ್ಡಿಸ್,” ಅಂದಳು, ಮೆತ್ತಗೆ. ಒಂದು ಮತದ ವಿರೋಧವಿದೆ, ನಿರ್ಣಯ ಪಾಸಾಗಿದೆ ಎಂದು ಸಭೆ ನಡೆಸುವವರು ಸಾರಿದರು. ಕಾಫಿ ಬಂತು.

ಮನೆ ಬೇಸಿಗೆಯಲ್ಲಿ ಎದ್ದಿತು, ಕಂಬಗಳ ಮೇಲೆ. ಸಾಮಾನು ಸಾಗಿಸಲು ನಾನೂ ಮರ್ಟನ್ನೂ ಹೋಗಿದ್ದೆವು; ಆರ್ಡಿಸ್ ಬರಲಿಲ್ಲ. ವಾರ ಕಳೆದು ನಾನು ಪಂಪು ಕೂಡಿಸುತ್ತಿದ್ದಾಗ ಬಂದಳು. ಮೆಟ್ಟಿಲು ಸರಿಯಿಲ್ಲ, ಗಾಳಿ ಜಾಸ್ತಿ, ಉಬ್ಬರ ಬಂದರೆ ಮನೆಯೇ ತೇಲಿಹೋಗುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳಿದಳು. ವಿಲ್ಡಾ ಎಲ್ಲವನ್ನೂ ಕೇಳಿಸಿಕೊಂಡು, ಅವಳ ಕೋಟು ಈಸಿಕೊಂಡು ಗೂಟಕ್ಕೆ ಹಾಕಿದಳು.