ಉರ್ಷ್ಲಾ ಉಳಿಸಿದ ಹುಲ್ಲು

ಎಂಗಾದಿನ್ ಕಣಿವೆಯ ನಮ್ಮ ಊರಿನಲ್ಲಿ ನನ್ನ ಓರಗಿತ್ತಿ ಉರ್ಷ್ಲಾಗೆ ಹೇಳದೆ ಯಾರೂ ಹುಲ್ಲು ಕೊಯ್ಯುವುದಿಲ್ಲ. ಜಿಂಕೆಗಳು ಮರಿಗಳನ್ನು ಎತ್ತರದ ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತವೆ. ಕೊಯ್ಯುವ ಯಂತ್ರ ಬಂದರೂ ಮರಿ ಓಡುವುದಿಲ್ಲ, ಇನ್ನಷ್ಟು ಮುದುಡಿಕೊಳ್ಳುತ್ತದೆ. ಅದಕ್ಕೇ ಮೊದಲು ಅವಳು ಹುಲ್ಲಿಗಿಳಿದು ಹುಡುಕುತ್ತಾಳೆ.

ಆ ಜೂನ್‌ನಲ್ಲಿ ಮಳೆ ಬಿಡುವು ಕೊಟ್ಟದ್ದು ಎರಡೇ ದಿನ. ನನ್ನ ಗಂಡ ಕುರ್ದಿನ್ ಬೆಳಿಗ್ಗೆಯೇ ಯಂತ್ರವೇರಿ ಕೂತಿದ್ದ. ಉರ್ಷ್ಲಾಗೆ ಒಂದು ಮರಿ ಸಿಕ್ಕಿತು. ಕೈಯ ವಾಸನೆ ತಾಗದಂತೆ ಹುಲ್ಲಿನ ಸಮೇತ ಅದನ್ನೆತ್ತಿ, ಅಂಚಿನ ನೆರಳಿನಲ್ಲಿಟ್ಟು, ಅದು ಎದ್ದು ಮತ್ತೆ ಹುಲ್ಲಿಗೆ ಹೋಗದಂತೆ ಮೇಲೆ ಪೆಟ್ಟಿಗೆ ಕವುಚಿದಳು.

"ಆಯ್ತಲ್ಲ ಅತ್ತಿಗೆ, ಶುರು ಮಾಡ್ಲಾ?"

"ತಡಿ. ಇಲ್ಲೆಲ್ಲೋ ಹುಲ್ಲಿನ ಬುಡದಲ್ಲಿ ವಿಂಚಾಟ್ ಹಕ್ಕಿ ಗೂಡಿದೆ."

ಕಿತ್ತಳೆ ಎದೆಯ ಪುಟ್ಟ ಹಕ್ಕಿಯೊಂದು ಕಾಂಡದ ತುದಿಯಲ್ಲಿ ಕೂತು, ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡೇ ಟಿಕ್ ಟಿಕ್ ಎಂದು ನಮ್ಮನ್ನು ಬಯ್ಯುತ್ತಿತ್ತು. ನಾನು ಮದುವೆಯಾಗಿ ಬಂದಾಗ ಇವುಗಳ ಹಾಡು ಎಲ್ಲ ಹುಲ್ಲುಗಾವಲಿನಲ್ಲೂ ಕೇಳುತ್ತಿತ್ತು. ಈಗ ಇಡೀ ಇಳಿಜಾರಿಗೆ ನಾಲ್ಕೇ ಜೋಡಿ.

"ಅದನ್ನೂ ಎತ್ತಿ ಪಕ್ಕಕ್ಕಿಡು," ಎಂದ ಕುರ್ದಿನ್.

"ಲೋ, ಜಿಂಕೆಮರಿ ಕೂಗಿದ್ರೆ ತಾಯಿ ಹುಡುಕ್ಕೊಂಡು ಬರ್ತಾಳೆ. ಈ ಗೂಡು ಸರಿಸಿದ್ರೆ ಇದರ ತಾಯಿ ಹಳೇ ಜಾಗದ ಮೇಲೇ ಸುತ್ತುತಾ ಇರ್ತಾಳೆ, ಮರಿಗಳು ಹಸಿದು ಸಾಯ್ತಾವೆ. ಇಲ್ಲಿ ಸರೀಬೇಕಾದೋನು ನೀನೇ."

"ಮಳೆ ಬಂದ್ರೆ?"

"ಒಂದು ಗಂಟೆ ಕೊಡು. ಗೂಡು ಎಲ್ಲಿದೆ ಅಂತ ಹುಡುಕಿ ತೋರಿಸ್ತೀನಿ. ಅಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಕೊಯ್ಯಿ."

ಅವಳು ಬಂಡೆಯ ಮೇಲೆ ಬೋರಲು ಮಲಗಿ ಕಾದಳು. ಗೊಣಗುತ್ತಿದ್ದ ಗಂಡನ ಬಾಯಿಗೆ ನಾನು ರೊಟ್ಟಿ, ಚೀಸು ಕೊಟ್ಟೆ. ಹೆಣ್ಣು ಹಕ್ಕಿ ಹುಳ ಹಿಡಿದು ಒಂದೇ ಕಡೆ ಮೂರು ಸಲ ಇಳಿದದ್ದೇ ತಡ, ಉರ್ಷ್ಲಾ ಎದ್ದು, ಆ ಜಾಗದ ಸುತ್ತ ದೂರದಲ್ಲಿ ನಾಲ್ಕು ಕೋಲು ನೆಟ್ಟು ಬಂದಳು.

"ಗೂಡು ನೋಡ್ಲೇ ಇಲ್ವಲ್ಲೇ?" ಎಂದೆ.

"ನೋಡೋಕೆ ಹೋದ್ರೆ ನನ್ನ ಜಾಡು ಹಿಡಿದು ನರಿ ಬರುತ್ತೆ. ಗೂಡು ಅಲ್ಲೇ ಇದೆ."

ಸಂಜೆಗೆ ಬೋಳು ಹುಲ್ಲುಗಾವಲಿನ ನಡುವೆ ಕೊಟ್ಟಿಗೆಯಷ್ಟಗಲ ಹುಲ್ಲು ನಿಂತಿತ್ತು. ಪಕ್ಕದ ಮನೆಯ ಯಾಚೆನ್ ಬೇಲಿಯಾಚೆಯಿಂದ ನಕ್ಕ. "ಏನೋ ಕುರ್ದಿನ್, ಕ್ಷೌರ ಅರ್ಧಕ್ಕೇ ಬಿಟ್ಟು ಎದ್ದುಬಂದ್ಯಾ?"

"ಜುಟ್ಟು ಬಿಟ್ಟಿದೀನಿ ಕಣೋ. ನಿನ್ನ ಬೋಳುತಲೆಗೆ ಆ ಭಾಗ್ಯಾನೂ ಇಲ್ಲ!"

ಪೆಟ್ಟಿಗೆ ತೆಗೆದೊಡನೆ ಜಿಂಕೆಮರಿ ಕೀರಲು ದನಿಯಲ್ಲಿ ಕೂಗಿತು. ನಾವು ಮನೆ ಸೇರುವ ಮೊದಲೇ ತಾಯಿ ಕಾಡಿನಿಂದಿಳಿದಿತ್ತು. ಮರುದಿನ ಒಣಹುಲ್ಲನ್ನೆಲ್ಲ ಒಳಗೆ ಹಾಕಿ ಮುಗಿಸಿದ ಮೇಲೆ ಮಳೆ ಹಿಡಿಯಿತು.

ಹನ್ನೆರಡನೆಯ ದಿನ ಬೇಲಿಯ ತಂತಿಯ ಮೇಲೆ ಐದು ಮರಿಹಕ್ಕಿಗಳು ಕೂತಿದ್ದವು. ಕುರ್ದಿನ್ ಎರಡೆರಡು ಸಲ ಎಣಿಸಿ, ಯಾಚೆನ್‌ನನ್ನೂ ಕೂಗಿ ಕರೆದು ತೋರಿಸಿದ. ಮುಂದಿನ ವಾರ ಕೋಲುಗಳ ನಡುವೆ ಬಲಿತು ಕಡ್ಡಿಯಾಗಿದ್ದ ಆ ಹುಲ್ಲನ್ನು ಕುಡುಗೋಲಿನಲ್ಲಿ ಕೊಯ್ದು ಆಡುಗಳಿಗೆ ಹಾಕಿದೆವು.